ಎಡ-ಬಲ ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು: ಬಂಗಾರದ ನ್ಯಾನೊ ಕಣಗಳ ಜೊತೆ ನನ್ನ ಅನುಭವ

ಔಷಧಿ ಹೊತ್ತೊಯ್ಯುವ ನ್ಯಾನೊ ಕಣಗಳಲ್ಲಿ ಕೈರಾಲಿಟಿಯ (ಎಡಗೈ-ಬಲಗೈ ಥರ ಕನ್ನಡಿ ಬಿಂಬವಾದರೂ ಒಂದರ ಮೇಲೊಂದು ಕೂರದ ಗುಣ) ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು, ವ್ಯತ್ಯಾಸ ಎಷ್ಟು ಬಂತು ಅಂತ. ಎಲ್ (ಎಡ) ಕಣ ಜೀವಕೋಶದೊಳಗೆ ಜಾಸ್ತಿ ಹೋಯಿತಾ? ಡಿ (ಬಲ) ಕಣ ಜಾಸ್ತಿ ಹೊತ್ತು ಉಳಿಯಿತಾ? ಈ ಕೆಲಸಕ್ಕೆ ಕೈ ಹಾಕಿದ ಮೇಲೆ ನನಗೆ ಗೊತ್ತಾಗಿದ್ದೇ ಬೇರೆ. ನಮ್ಮ ಸಮಯ, ದುಡ್ಡು, ತಲೆನೋವು ಎಲ್ಲ ಹೋಗಿದ್ದು ಎಡ-ಬಲ ಬಿಟ್ಟರೆ ಈ ಕಣಗಳ ನಡುವೆ ಬೇರೆ ಯಾವ ವ್ಯತ್ಯಾಸವೂ ಇಲ್ಲ ಅಂತ ತೋರಿಸುವುದಕ್ಕೆ.

ನಾನು ಹುಬ್ಬಳ್ಳಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಾಸ್ಯೂಟಿಕ್ಸ್ ಪಾಠ ಮಾಡುತ್ತೇನೆ. ಪಿಎಚ್‌ಡಿ ಕೆಲಸವೂ ಅಲ್ಲಿಯೇ. ಕಣ ತಯಾರಿಸುವುದು ಹುಬ್ಬಳ್ಳಿಯಲ್ಲಿ. ದೊಡ್ಡ ಉಪಕರಣ ಬೇಕಾದಾಗ ಧಾರವಾಡದ ಪಾವಟೆನಗರಕ್ಕೆ, ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಹೋಗುತ್ತೇವೆ. ಔಷಧಿಯನ್ನು ನಿಧಾನವಾಗಿ ಬಿಡುವ ಪಾಲಿಮರ್‌ಗಳ ಬಗ್ಗೆ ಪ್ರೊಫೆಸರ್ ಟಿ. ಎಂ. ಅಮಿನಭಾವಿ ಅವರು ಅಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. ಅದಕ್ಕೇ ಈ ಭಾಗದ ಫಾರ್ಮಸಿ ಹುಡುಗರಿಗೆ ಚಿಟೋಸಾನ್, ಆಲ್ಜಿನೇಟ್ ಅಂದರೆ ಹೊಸದೇನಲ್ಲ. ಕೈರಾಲಿಟಿ ಮಾತ್ರ ನಾಲ್ಕನೇ ಸೆಮಿಸ್ಟರಿನ ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ ಓದಿ ಮರೆತ ವಿಷಯ.

ಮರೆತರೂ ಅದು ಮೆಡಿಕಲ್ ಶಾಪಿನಲ್ಲಿ ದಿನಾ ಎದುರಿಗೆ ಬರುತ್ತದೆ. ನೆಗಡಿಗೆ ಸೆಟಿರಿಜಿನ್ 10 ಮಿಲಿಗ್ರಾಂ ಕೊಡುತ್ತಾರೆ. ಲೆವೊಸೆಟಿರಿಜಿನ್ ಆದರೆ 5 ಸಾಕು. ಮೊದಲನೆಯದರಲ್ಲಿ ಎಡ, ಬಲ ಎರಡೂ ರೂಪ ಸಮಸಮ ಇವೆ, ಎರಡನೆಯದರಲ್ಲಿ ಕೆಲಸ ಮಾಡುವ ರೂಪ ಮಾತ್ರ ಇದೆ. ಥಾಲಿಡೊಮೈಡ್ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, 1961ರಲ್ಲಿ ವಾಪಸ್ ಹೋಯಿತು, ಅಷ್ಟರಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ಟಿದ್ದರು. ಒಂದು ರೂಪ ಒಳ್ಳೆಯದು, ಇನ್ನೊಂದು ಕೆಟ್ಟದ್ದು, ಬೇರೆ ಮಾಡಿ ಕೊಟ್ಟಿದ್ದರೆ ಆಗುತ್ತಿತ್ತು ಅಂತ ಕ್ಲಾಸಿನಲ್ಲಿ ಹೇಳಿಬಿಡುತ್ತೇವೆ. ಹಾಗಾಗುತ್ತಿರಲಿಲ್ಲ. ಮೈಯೊಳಗೆ ಒಂದು ರೂಪ ಇನ್ನೊಂದಕ್ಕೆ ತಿರುಗುತ್ತದೆ. ಬಾಟಲಿಯಲ್ಲಿ ಇದ್ದ ಕೈ, ಅಂದರೆ ಎಡ ಅಥವಾ ಬಲ ರೂಪ, ರಕ್ತದಲ್ಲೂ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನ್ಯಾನೊ ಕಣಕ್ಕೂ ಈ ಮಾತು ಬೇರೊಂದು ರೀತಿಯಲ್ಲಿ ಬರುತ್ತದೆ, ಮುಂದೆ ಹೇಳುತ್ತೇನೆ.

ನ್ಯಾನೊ ಕಣದಲ್ಲಿ ಕೈರಾಲಿಟಿ ಎಲ್ಲಿರುತ್ತದೆ? ಒಂದು, ಕಣದ ಆಕಾರವೇ ತಿರುಚಿಕೊಂಡಿರಬಹುದು. 2018ರಲ್ಲಿ ದಕ್ಷಿಣ ಕೊರಿಯಾದ ಕಿ ಟೇ ನಾಮ್ ಅವರ ತಂಡ ಸಿಸ್ಟೀನ್, ಗ್ಲುಟಾಥಯೋನ್ ಅನ್ನುವ ಕೈ ಇರುವ ಅಣುಗಳನ್ನು ಹಾಕಿ ಬಂಗಾರದ ಕಣಗಳನ್ನೇ ತಿರುಚಿದ ಆಕಾರದಲ್ಲಿ ಬೆಳೆಸಿತು. ಎರಡು, ಕಣ ಸಾದಾ ಗುಂಡಗಿದ್ದು ಮೇಲೆ ಅಂಟಿಸಿದ ಅಣುಗಳಿಗೆ ಕೈ ಇರಬಹುದು. ಮೂರು, ಸಣ್ಣ ಕಣಗಳೇ ಸುರುಳಿಯಾಗಿ ಜೋಡಿಕೊಳ್ಳಬಹುದು. ನಾನು ಆರಿಸಿಕೊಂಡಿದ್ದು ಎರಡನೆಯದು. ತಿರುಚಿದ ಆಕಾರ ನೋಡಲು ಚಂದ, ಆದರೆ ಪ್ರತಿ ಸಲ ಅದೇ ಆಕಾರ ಬಂತಾ ಅಂತ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಪಕ್ಕದಲ್ಲೇ ಇರಬೇಕು. ನಮಗೆ ಅದು ಸರದಿಯ ಮೇಲೆ ಸಿಗುವ ವಸ್ತು.

ಪಾಲಿಮರ್ ಮಂದಿಗೆ ಒಂದು ಮಾತು. ನೀವು ಪಾಲಿಲ್ಯಾಕ್ಟಿಕ್ ಆಸಿಡ್ ಬಳಸುತ್ತಿದ್ದರೆ ಆಗಲೇ ಕೈರಾಲಿಟಿ ಬಳಸುತ್ತಿದ್ದೀರಿ. ಬರೀ ಎಲ್ ಲ್ಯಾಕ್ಟಿಕ್ ಆಸಿಡ್‌ನಿಂದ ಮಾಡಿದ್ದು ಅರ್ಧ ಹರಳಾಗಿ ಕೂರುತ್ತದೆ, ಮೈಯೊಳಗೆ ನಿಧಾನವಾಗಿ ಕರಗುತ್ತದೆ. ಎಲ್ ಮತ್ತು ಡಿ ಸರಪಳಿಯೊಳಗೇ ಕಲೆತಿದ್ದರೆ ಹರಳಾಗುವುದಿಲ್ಲ, ಬೇಗ ಕರಗುತ್ತದೆ. ಎಲ್ ಸರಪಳಿ, ಡಿ ಸರಪಳಿ ಬೇರೆ ಬೇರೆ ಮಾಡಿ ಬೆರೆಸಿದರೆ ಎರಡೂ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡು ಕರಗುವ ಬಿಂದು ಸುಮಾರು 50 ಡಿಗ್ರಿ ಮೇಲಕ್ಕೆ, 230 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. 1987ರಿಂದಲೇ ಗೊತ್ತಿರುವ ವಿಷಯ ಇದು. ನಾನು ಕೆಲಸ ಶುರು ಮಾಡುವಾಗ ಇದನ್ನೇ ತಗೊಳ್ಳೋಣ ಅಂತಲೂ ಇತ್ತು. ಆದರೆ ಇಲ್ಲಿ ಕೈ ಬದಲಿಸಿದರೆ ಹರಳಿನ ಗುಣವೂ ಬದಲಾಗಿಬಿಡುತ್ತದೆ. ವ್ಯತ್ಯಾಸ ಬಂದರೆ ಅದು ಕೈಯದ್ದೋ, ಹರಳಿನದ್ದೋ ಹೇಳುವುದು ಕಷ್ಟ. ಬಂಗಾರದ ಕಣದಲ್ಲಿ ಒಳಗಿನ ಉಂಡೆ ಒಂದೇ ಇಟ್ಟು ಮೇಲಿನ ಪದರವನ್ನಷ್ಟೇ ಬದಲಿಸಬಹುದು. ಬಂಗಾರ ನನಗೆ ಬೇಕಾಗಿದ್ದು ಅಳತೆಗೋಲಾಗಿ. ನಾಳೆ ರೋಗಿಗೆ ಕೊಡುವ ಔಷಧಿ ಮಾಡುತ್ತಿದ್ದೇನೆ ಅನ್ನುವ ಭ್ರಮೆ ಇರಲಿಲ್ಲ.

ಔಷಧಿಯ ಆಯ್ಕೆಯೂ ಇದೇ ಲೆಕ್ಕದಲ್ಲಿ. ಡಾಕ್ಸೊರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧಿಯನ್ನು ಎಲ್ಲರೂ ಬಳಸುತ್ತಾರೆ, ಕೆಂಪಗೆ ಹೊಳೆಯುತ್ತದೆ, ಅಳೆಯಲು ಸುಲಭ. ಆದರೆ ಅದಕ್ಕೇ ಸ್ವಂತ ಕೈ ಇದೆ. ಎಲ್ ಕಣದ ಮೇಲೆ ಅದು ಕೂರುವ ರೀತಿ, ಡಿ ಕಣದ ಮೇಲೆ ಕೂರುವ ರೀತಿ ಬೇರೆಯಾಗಬಹುದು. ನಾನು 5-ಫ್ಲೂರೊಯುರಾಸಿಲ್ ಹಿಡಿದೆ. 1957ರಷ್ಟು ಹಳೆಯ ಕ್ಯಾನ್ಸರ್ ಔಷಧಿ, ಕರುಳಿನ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಅಣು ಚಿಕ್ಕದು, ಚಪ್ಪಟೆ. ಎಡ-ಬಲದ ಗೊಡವೆ ಇಲ್ಲ. 266 ನ್ಯಾನೊಮೀಟರ್ ಅಲೆಯುದ್ದದ ಯುವಿ ಬೆಳಕಿನಲ್ಲಿ ಅಳೆದುಬಿಡಬಹುದು.

ಮೊದಲಿನ ಯೋಜನೆಯಲ್ಲಿ ಕಣದ ಮೇಲೆ ಚಿಟೋಸಾನ್ ಪದರವೂ ಇತ್ತು. ಧಾರವಾಡದ ಹವಾ ಅಂದುಕೊಳ್ಳಿ. ನಮ್ಮ ಗೈಡ್ ಸರ್ ಒಂದೇ ಪ್ರಶ್ನೆ ಕೇಳಿದರು.

“ಚಿಟೋಸಾನ್ ಎದರಿಂದ ಮಾಡ್ಯಾರ್ರಿ?”

“ಸೀಗಡಿ ಚಿಪ್ಪಿಂದ ಸರ್.”

“ಅದು ಗೊತ್ತದ. ಅಣು ಯಾವುದು? ಸಕ್ಕರಿ ಜಾತೀದಲ್ಲ? ಅದಕ್ಕೂ ಒಂದ ಕೈ ಅದ. ನಿಮ್ಮ ಎಲ್ ಕಣಕ್ಕ ಹಚ್ಚಿದ್ರ ಒಂದು ಜೋಡಿ, ಡಿ ಕಣಕ್ಕ ಹಚ್ಚಿದ್ರ ಇನ್ನೊಂದು ಜೋಡಿ. ಅವೆರಡೂ ಕನ್ನಡಿ ಬಿಂಬ ಆಗೂದಿಲ್ಲ.”

ಅಲ್ಲಿಗೆ ಚಿಟೋಸಾನ್ ಬಿಟ್ಟೆವು. ಈ ಕೆಲಸದ ಜೀವಾಳ ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಗೊತ್ತಾಗುವುದು ಚಪ್ಪಲಿ ಹಾಕಿದಾಗ. ಸಾದಾ ಕಾಲುಚೀಲಕ್ಕೆ ಯಾವ ಕಾಲಾದರೂ ಒಂದೇ. ನೀರು, ಉಪ್ಪು, ಫಾಸ್ಫೇಟ್ ಬಫರ್ (ಪಿಎಚ್ ಏರಿಳಿಯದಂತೆ ಹಿಡಿದಿಡುವ ದ್ರಾವಣ) ಎಲ್ಲ ಕಾಲುಚೀಲದ ಜಾತಿ. ಅವಕ್ಕೆ ಎಡ-ಬಲ ತಿಳಿಯುವುದಿಲ್ಲ. ಪ್ರೋಟೀನ್, ಜೀವಕೋಶದ ಪೊರೆ, ಎನ್‌ಜೈಮ್, ಲೋಳೆ ಎಲ್ಲ ಚಪ್ಪಲಿಯ ಜಾತಿ. ಹಾಗಾಗಿ ಎಲ್ ಕಣ, ಡಿ ಕಣ ನಿಜವಾಗಿ ಕನ್ನಡಿ ಬಿಂಬಗಳಾಗಿದ್ದರೆ ಬಫರಿನಲ್ಲಿ ಅವುಗಳ ಗಾತ್ರ, ಚಾರ್ಜ್, ಬಣ್ಣ, ಔಷಧಿ ಹಿಡಿಯುವ ಪ್ರಮಾಣ, ಬಿಡುವ ವೇಗ ಎಲ್ಲ ಒಂದೇ ಬರಬೇಕು. ಬರಲೇಬೇಕು. ಬರದಿದ್ದರೆ ಅದು ಕೈರಾಲಿಟಿಯ ಪ್ರಭಾವ ಅಲ್ಲ, ತಯಾರಿಕೆಯಲ್ಲಿ ಏನೋ ಬೇರೆಯಾಗಿದೆ ಅಂತ. ಬರೀ ಬಫರಿನ ಡಯಾಲಿಸಿಸ್‌ನಲ್ಲಿ (ಕಣಗಳನ್ನು ಸಣ್ಣ ರಂಧ್ರದ ಚೀಲದಲ್ಲಿಟ್ಟು ಹೊರಬಂದ ಔಷಧಿ ಅಳೆಯುವುದು) “ಡಿ ಕಣ ನಿಧಾನವಾಗಿ ಔಷಧಿ ಬಿಟ್ಟಿತು” ಅಂತ ಯಾರಾದರೂ ಸಂಭ್ರಮಿಸಿದರೆ ನಾನು ಮೊದಲು ಕೇಳುವುದು ಅವರ ಲಿಗಾಂಡಿನ ಶುದ್ಧತೆಯನ್ನು.

ಲಿಗಾಂಡ್, ಅಂದರೆ ಕಣದ ಮೇಲೆ ಅಂಟಿಸುವ ಅಣು. ಬಂಗಾರಕ್ಕೆ ಗಂಧಕ ಅಂದರೆ ಪ್ರೀತಿ, ಅದಕ್ಕೆ ಗಂಧಕ ಇರುವ ಅಮೈನೊ ಆಸಿಡ್ ಸಿಸ್ಟೀನ್ ಎಲ್ಲರ ಮೊದಲ ಆಯ್ಕೆ. ಸಿಸ್ಟೀನಿನ ತೊಂದರೆ ಅಂದರೆ ಪಿಎಚ್ 5ರ ಹತ್ತಿರ ಅದರಲ್ಲಿ ಧನ, ಋಣ ಎರಡೂ ಚಾರ್ಜ್ ಸಮ ಇರುತ್ತವೆ. ಒಂದು ಕಣದ ಧನ ಭಾಗ ಪಕ್ಕದ ಕಣದ ಋಣ ಭಾಗವನ್ನು ಎಳೆಯುತ್ತದೆ. ಕಣಗಳು ಗುಂಪುಗಟ್ಟಿ ಕೆಂಪು ದ್ರವ ನೀಲಿಯಾಗುತ್ತದೆ. ಒಂದು ಪರೀಕ್ಷಾ ನಳಿಕೆಯಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದಾಗ ಲ್ಯಾಬಿನ ಅಟೆಂಡರ್ ಕಾಕಾ ಹಣಿಕಿ ನೋಡಿ, “ಅಲ್ರಿ ಮೇಡಂ, ಬಂಗಾರ ಕೆಂಪಿರೂದs ಒಂದು ಸೋಜಿಗ, ಈಗ ನೀಲಿ ಬ್ಯಾರೆ ಆತಲ್ರಿ” ಅಂದರು. ಬಣ್ಣ ಅನ್ನುವುದು ನಮ್ಮ ಲ್ಯಾಬಿನ ಅತಿ ಅಗ್ಗದ ಉಪಕರಣ. ಕೆಂಪು ಇದ್ದರೆ ಮುಂದಕ್ಕೆ, ನೇರಳೆಗೆ ತಿರುಗಿದರೆ ಚೆಲ್ಲುವ ಡಬ್ಬಿಗೆ.

ಆದ್ದರಿಂದ ಎನ್-ಅಸಿಟೈಲ್ ಸಿಸ್ಟೀನ್ ತಗೊಂಡೆವು. ಕಫಕ್ಕೆ ನೀರಿನಲ್ಲಿ ಕರಗಿಸಿ ಕುಡಿಯುವ ಮಾತ್ರೆ ಬರುತ್ತದಲ್ಲ, ಅದೇ. ಪ್ಯಾರಸಿಟಮಾಲ್ ಅತಿಯಾಗಿ ನುಂಗಿದವರಿಗೂ ಆಸ್ಪತ್ರೆಯಲ್ಲಿ ಇದನ್ನೇ ಕೊಡುತ್ತಾರೆ. ಅದರಲ್ಲಿ ಧನ ಚಾರ್ಜಿನ ತುದಿ ಮುಚ್ಚಿಹೋಗಿರುತ್ತದೆ, ಉಳಿಯುವುದು ಋಣ ಚಾರ್ಜ್ ಮಾತ್ರ. ಕಣಗಳು ಒಂದನ್ನೊಂದು ತಳ್ಳಿಕೊಂಡು ಬಿಡಿಬಿಡಿಯಾಗಿ ಇರುತ್ತವೆ. ಎಲ್ ರೂಪ ಅಗ್ಗ. ಡಿ ರೂಪ ದುಬಾರಿ, ತರಿಸಲು ಕಾಯಬೇಕು, ಚಿಕ್ಕ ಬಾಟಲಿ ಬರುತ್ತದೆ.

ಬಾಟಲಿ ಬಂದ ಕೂಡಲೇ ಪೋಲಾರಿಮೀಟರಿಗೆ, ಅದು ಧ್ರುವೀಕೃತ ಬೆಳಕನ್ನು ಎಷ್ಟು ಡಿಗ್ರಿ ತಿರುಗಿಸುತ್ತದೆ ಅಂತ ನೋಡಲು. ಪ್ರತಿ ಫಾರ್ಮಸಿ ಕಾಲೇಜಿನಲ್ಲಿ ಇರುವ, ಬಿ.ಫಾರ್ಮ್ ಹುಡುಗರ ಪ್ರಾಕ್ಟಿಕಲ್ ಮುಗಿದರೆ ಧೂಳು ತಿನ್ನುವ ಆ ಸೋಡಿಯಂ ದೀಪದ ಉಪಕರಣ ಇಲ್ಲಿ ನಿಜವಾಗಿ ಕೆಲಸಕ್ಕೆ ಬಂತು. ಪಿಎಚ್ 7ರ ಬಫರಿನಲ್ಲಿ ಎಲ್ ರೂಪದ ವಿಶಿಷ್ಟ ಆವರ್ತನ, ಅಂದರೆ ಬೆಳಕು ತಿರುಗುವ ಅಳತೆ, +21ರಿಂದ +27 ಡಿಗ್ರಿ ನಡುವೆ ಬರಬೇಕು. ಡಿ ರೂಪದ್ದು ಅಷ್ಟೇ, ಮೈನಸ್ ಕಡೆಗೆ. ದ್ರಾವಣಕ್ಕೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಚಿಟಿಕೆ ಹಾಕುತ್ತಾರೆ. ಇಲ್ಲದಿದ್ದರೆ ನೀರಿನಲ್ಲಿರುವ ಲೋಹದ ಅಂಶ ಗಂಧಕದ ತುದಿಗಳನ್ನು ಆಕ್ಸಿಡೈಸ್ ಮಾಡಿ ಎರಡೆರಡು ಅಣು ಜೋಡಿಸಿಬಿಡುತ್ತದೆ. ಜೋಡಿ ಅಣುವಿನ ಆವರ್ತನ ಬಿಡಿ ಅಣುವಿನ ಹಾಗೆ ಇರುವುದಿಲ್ಲ. ಸಾದಾ ಸಿಸ್ಟೀನಿನಲ್ಲಿ ಇದು ಎದ್ದು ಕಾಣುತ್ತದೆ. ಎಲ್ ಸಿಸ್ಟೀನ್ ಹೈಡ್ರೊಕ್ಲೋರೈಡ್ ಸುಮಾರು +6 ಡಿಗ್ರಿ, ಅದು ಜೋಡಿಯಾಗಿ ಆದ ಸಿಸ್ಟಿನ್ ಸುಮಾರು –220. ಲೆಕ್ಕ ಹಾಕಿ ನೋಡಿ, ನೂರಕ್ಕೆ ಮೂರು ಪಾಲು ಕೆಟ್ಟರೂ ಓದು ಸೊನ್ನೆಗೆ ಬಂದು ನಿಲ್ಲುತ್ತದೆ. ಹಳೆಯ ಬಾಟಲಿಯ ಎಲ್, ಹೊಸ ಬಾಟಲಿಯ ಡಿ ಹೋಲಿಸುವವರು ಇದನ್ನು ನೆನಪಿಡಬೇಕು.

ಪಾಶ್ಚರ್ 1848ರಲ್ಲಿ ಟಾರ್ಟ್ರೇಟ್ ಹರಳುಗಳನ್ನು ಚಿಮಟಿಯಲ್ಲಿ ಎಡ, ಬಲ ಅಂತ ಬೇರೆ ಮಾಡಿದ ಕಥೆ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಮಾತು ಸೇರಿಸುತ್ತೇನೆ. ಆ ಉಪ್ಪು ಬೇರೆ ಬೇರೆ ಹರಳಾಗುವುದು ಸುಮಾರು 27 ಡಿಗ್ರಿಗಿಂತ ತಂಪಿದ್ದಾಗ ಮಾತ್ರ. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಅದೇ ಕೆಲಸ ಮಾಡಿದ್ದರೆ ಎಡ-ಬಲ ಒಂದೇ ಹರಳಿನಲ್ಲಿ ಕೂಡಿಕೊಂಡು ಪಾಪ, ಅವರ ಕೈಗೆ ಏನೂ ಸಿಗುತ್ತಿರಲಿಲ್ಲ.

ಇನ್ನು ಕಣ ಮಾಡುವುದು. ವಿಧಾನ 1951ರ ಟರ್ಕೆವಿಚ್ ಅವರದ್ದು, ಅದರಲ್ಲಿ 13 ನ್ಯಾನೊಮೀಟರ್ ಕಣ ಕೊಡುವ ಪರಿಚಿತ ಅಳತೆ. ಒಂದು ಮಿಲಿಮೋಲಾರ್ ಕ್ಲೋರೊಆರಿಕ್ ಆಸಿಡ್ (ಬಂಗಾರ ಇರುವ ಆಸಿಡ್) 500 ಮಿಲಿಲೀಟರ್. ಕುದಿ ಬಂದಾಗ 38.8 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್ 50 ಮಿಲಿಲೀಟರ್ ಒಂದೇ ಸಲಕ್ಕೆ ಸುರಿಯಬೇಕು. ಹಳದಿ ಹೋಗಿ ಬಣ್ಣವೇ ಇಲ್ಲದಂತಾಗಿ, ಆಮೇಲೆ ಕಪ್ಪು ನೀಲಿಗೆ ತಿರುಗಿ, ಕೊನೆಗೆ ದಾಳಿಂಬೆ ರಸದ ಕೆಂಪು ಬರುತ್ತದೆ. ಬೆಳಕು ಹೀರುವ ಶಿಖರ 520 ನ್ಯಾನೊಮೀಟರ್ ಆಸುಪಾಸು. ಗಾಜಿನ ಪಾತ್ರೆಗಳನ್ನು ಅದಕ್ಕೂ ಮೊದಲು ಅಕ್ವಾ ರೀಜಿಯಾದಲ್ಲಿ ತೊಳೆಯಬೇಕು. ಮೂರು ಪಾಲು ಹೈಡ್ರೊಕ್ಲೋರಿಕ್, ಒಂದು ಪಾಲು ನೈಟ್ರಿಕ್, ಫ್ಯೂಮ್ ಹುಡ್ ಒಳಗೆ, ಮುಚ್ಚಳ ಬಿಗಿ ಮಾಡದೆ. ಇದರಲ್ಲಿ ಧೈರ್ಯ ತೋರಿಸಬೇಡಿ.

ಧಾರವಾಡ ಕಡೆಯ ಮಳೆಗಾಲದಲ್ಲಿ ಕ್ಲೋರೊಆರಿಕ್ ಆಸಿಡ್ ತೂಗುವುದು ಒಂದು ಸರ್ಕಸ್. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅದು ಗಾಳಿಯ ತೇವ ಕುಡಿದು ತಕ್ಕಡಿಯ ಮೇಲೆಯೇ ಒದ್ದೆಯಾಗುತ್ತದೆ. ತೂಕ ಏರುತ್ತಲೇ ಹೋಗುತ್ತದೆ. ಲೋಹದ ಚಮಚ ಮುಟ್ಟಿಸಿದರೆ ಬಂಗಾರ ಅದರ ಮೇಲೆಯೇ ಕೂತುಬಿಡುತ್ತದೆ. ನಾವು ತೂಗುವುದನ್ನೇ ಬಿಟ್ಟೆವು. ಒಂದು ಗ್ರಾಂ ಬಾಟಲಿ ತೆಗೆದ ಕೂಡಲೇ ಪೂರ್ತಿ ನೀರಿನಲ್ಲಿ ಕರಗಿಸಿ, ಕಂದು ಬಣ್ಣದ ಬಾಟಲಿಯಲ್ಲಿ ಸ್ಟಾಕ್ ಮಾಡಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಅದರಿಂದ ಪಿಪೆಟ್ಟಿನಲ್ಲಿ ತೆಗೆಯುವುದು.

ನೀರಿನದ್ದೂ ಒಂದು ಕಥೆ. ಹುಬ್ಬಳ್ಳಿಗೆ ಮಲಪ್ರಭೆ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಟ್ಯಾಂಕ್ ತುಂಬಿಟ್ಟುಕೊಂಡು ಬಟ್ಟಿ ಇಳಿಸುವ ಯಂತ್ರ ಓಡಿಸುವುದು ರೂಢಿ. ಬಟ್ಟಿ ಇಳಿಸಿದ ನೀರನ್ನು ಕ್ಯಾನಿನಲ್ಲಿ ದಿನಗಟ್ಟಲೆ ಇಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸತ್ತರೂ ಅವುಗಳ ಹೊರಪದರದ ವಿಷ, ಎಂಡೊಟಾಕ್ಸಿನ್, ಉಳಿಯುತ್ತದೆ. ಬಂಗಾರದ ಕಣ ಅದನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಎಲ್ ಕಣವನ್ನು ಒಂದು ಕ್ಯಾನಿನ ನೀರಿನಲ್ಲಿ, ಡಿ ಕಣವನ್ನು ಇನ್ನೊಂದು ಕ್ಯಾನಿನ ನೀರಿನಲ್ಲಿ ತೊಳೆದರೆ ಜೀವಕೋಶಗಳು ಎರಡಕ್ಕೂ ಬೇರೆ ಬೇರೆ ಥರ ಪ್ರತಿಕ್ರಿಯೆ ತೋರಿಸಬಹುದು. ನಾವು ಅದನ್ನೇ ಕೈರಾಲಿಟಿ ಅಂದುಕೊಂಡುಬಿಡಬಹುದು! ಹಾಗಾಗಿ ಕಣ ಮಾಡುವ ದಿನದ್ದೇ ತಾಜಾ ನೀರು, ಎಲ್ಲಕ್ಕೂ ಒಂದೇ ಪಾತ್ರೆಯಿಂದ. ಜೀವಕೋಶಕ್ಕೆ ಹಾಕುವ ಮೊದಲು ಎಂಡೊಟಾಕ್ಸಿನ್ ಪರೀಕ್ಷೆ.

ಬಂಗಾರದ ಕಣವನ್ನೂ ಹಾಗೆಯೇ ಒಂದೇ ದೊಡ್ಡ ಕುದಿತದಲ್ಲಿ ಮಾಡಿ ಮೂರು ಪಾಲು ಮಾಡಿದೆವು. ಒಂದಕ್ಕೆ ಎಲ್, ಒಂದಕ್ಕೆ ಡಿ, ಒಂದಕ್ಕೆ ಎರಡೂ ಸಮ ಬೆರೆಸಿದ್ದು. ಈ ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಜಾಸ್ತಿ ಮುಖ್ಯ. ಎಲ್ ಮತ್ತು ಡಿ ನಡುವೆ ವ್ಯತ್ಯಾಸ ಬಂದು, ಮಿಶ್ರಣ ಎಲ್ಲೋ ನಡುವೆ ಬಂದರೆ ನಂಬಬಹುದು. ಮಿಶ್ರಣ ಇಬ್ಬರನ್ನೂ ಬಿಟ್ಟು ಹೊರಗೆ ಹೋದರೆ ಮತ್ತೊಮ್ಮೆ ಯೋಚಿಸಬೇಕು. ಲಿಗಾಂಡ್ ಹಾಕುವ ಮೊದಲು ಅದರ ದ್ರಾವಣವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥ ಮಾಡಲೇಬೇಕು. ಅದು ಆಸಿಡ್. ಹಾಗೆಯೇ ಸುರಿದರೆ ಕಣಗಳು ಗುಂಪುಗಟ್ಟುತ್ತವೆ. ರಾತ್ರಿಯಿಡೀ ಕಲಕಿ, ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರಿನಲ್ಲಿ ಎಷ್ಟು ಲಿಗಾಂಡ್ ಉಳಿದಿದೆ ಅಂತ ಗಂಧಕದ ತುದಿ ಸಿಕ್ಕರೆ ಹಳದಿಯಾಗುವ ಎಲ್ಮನ್ ರೀಏಜೆಂಟ್ ಹಾಕಿ 412 ನ್ಯಾನೊಮೀಟರಿನಲ್ಲಿ ಓದುತ್ತೇವೆ. ಹಾಕಿದ್ದರಲ್ಲಿ ಉಳಿದದ್ದು ಕಳೆದರೆ ಕಣಕ್ಕೆ ಅಂಟಿದ್ದು ಸಿಗುತ್ತದೆ. ಕಲಕುವಾಗ ಒಂದಿಷ್ಟು ಗಾಳಿಗೆ ಕೆಟ್ಟು ಲೆಕ್ಕ ತಪ್ಪಬಾರದು ಅಂತ ಕಣ ಇಲ್ಲದ ಬರೀ ಲಿಗಾಂಡನ್ನೂ ಪಕ್ಕದಲ್ಲಿ ಅದೇ ಹೊತ್ತು ಕಲಕುತ್ತೇವೆ.

ಮುಂದಿನ ಕೆಲಸ ನನ್ನ ಸಹೋದ್ಯೋಗಿಯದ್ದು. ಮೂರೂ ಬಾಟಲಿಗಳ ಮೇಲಿನ ಹೆಸರು ಕಿತ್ತು ತನಗೆ ಮಾತ್ರ ಗೊತ್ತಿರುವ ಗುರುತು ಹಾಕುವುದು. ಅಳೆಯುವವರಿಗೆ ಯಾವುದು ಎಡ, ಯಾವುದು ಬಲ ಗೊತ್ತಿರಬಾರದು. “ಏನವ್ವಾ, ನನ್ನ ಮ್ಯಾಲೂ ನಂಬಿಕಿ ಇಲ್ಲೇನು?” ಅಂತ ಅವಳೇ ಒಮ್ಮೆ ನಕ್ಕಳು. ನಂಬಿಕೆಯ ಮಾತಲ್ಲ. ಗುಂಪುಗಟ್ಟಿದ ಒಂದು ಓದನ್ನು ಇದು ಸರಿಯಿಲ್ಲ ಅಂತ ತೆಗೆದುಹಾಕುವ ಹೊತ್ತಿನಲ್ಲಿ, ಅದು ಎಲ್ ಅಂತ ಗೊತ್ತಿದ್ದರೆ ಕೈ ಬೇರೆ ಥರ ಓಡುತ್ತದೆ, ಅಲ್ವಾ?

ಮಾದರಿಗಳನ್ನು ಧಾರವಾಡಕ್ಕೆ ಒಯ್ಯುವುದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಏಸಿ ಇರುವುದರಿಂದ ಬೇಸಿಗೆಯಲ್ಲೂ ಚಿಂತೆ ಇಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟರೂ ಬಾಟಲಿಗೆ ನೇರವಾಗಿ ತಾಗಬಾರದು. ಬಂಗಾರದ ಕಣ ಒಮ್ಮೆ ಹೆಪ್ಪುಗಟ್ಟಿದರೆ ಗುಂಪಾಗಿ ಮತ್ತೆ ಬಿಡಿಯಾಗುವುದಿಲ್ಲ. ಗಾತ್ರ, ಝೀಟಾ ಪೊಟೆನ್ಶಿಯಲ್ (ಮೇಲ್ಮೈ ಚಾರ್ಜಿನ ಅಳತೆ) ಮೂರಕ್ಕೂ ಒಂದೇ ಬಂದವು. ಎಡಕ್ಕೆ, ಬಲಕ್ಕೆ ಸುತ್ತುವ ಬೆಳಕನ್ನು ಎಷ್ಟು ಬೇರೆಯಾಗಿ ಹೀರುತ್ತದೆ ಅಂತ ತೋರಿಸುವ ಸರ್ಕ್ಯುಲರ್ ಡೈಕ್ರೊಯಿಸಂ ಓದಿಗೆ ಬೆಂಗಳೂರಿಗೆ ಹೋಗಬೇಕಾಯಿತು. ಅದರಲ್ಲಿ ಎಲ್ ಕಣದ ರೇಖೆ, ಡಿ ಕಣದ ರೇಖೆ ಒಂದಕ್ಕೊಂದು ಬೋರಲಾಗಿ ಬರಬೇಕು, ಮಿಶ್ರಣದ್ದು ಸಪಾಟಾಗಿರಬೇಕು. ಹಾಗೇ ಬಂತು, ಆದರೆ 200ರಿಂದ 250 ನ್ಯಾನೊಮೀಟರ್ ಭಾಗದಲ್ಲಿ ಮಾತ್ರ. ಅದು ಲಿಗಾಂಡಿನದ್ದೇ ಸದ್ದು. ಬಂಗಾರದ ಶಿಖರ ಇರುವ 520ರ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಇದರಿಂದ ನಿರಾಶೆ ಆಗಬೇಕಿಲ್ಲ. ಒಂದೆರಡು ನ್ಯಾನೊಮೀಟರಿನ ಬಂಗಾರದ ಕ್ಲಸ್ಟರ್‌ಗಳಲ್ಲಿ ಲೋಹದಿಂದಲೇ ಜೋರು ಸಿಗ್ನಲ್ ಬರುತ್ತದೆ, ಶಾಫ್ ಮತ್ತು ವೆಟ್ಟನ್ ಅದನ್ನು 1998ರ ಹೊತ್ತಿಗೇ ಗ್ಲುಟಾಥಯೋನ್ ಮೇಲಿದ್ದ ಕ್ಲಸ್ಟರ್‌ಗಳಲ್ಲಿ ತೋರಿಸಿದ್ದರು. 13 ನ್ಯಾನೊಮೀಟರಿನ ಗುಂಡು ಕಣದಲ್ಲಿ ಅದು ತೀರಾ ಕ್ಷೀಣ.

5-ಎಫ್‌ಯು (5-ಫ್ಲೂರೊಯುರಾಸಿಲ್) ಹಿಡಿಸಿ ಡಯಾಲಿಸಿಸ್ ಬ್ಯಾಗಿನಲ್ಲಿ ಹಾಕಿ 37 ಡಿಗ್ರಿಯ ಬಫರಿನಲ್ಲಿ ಬಿಡುಗಡೆ ನೋಡಿದಾಗ ಮೂರೂ ರೇಖೆಗಳು ಒಂದರ ಮೇಲೊಂದು ಕೂತವು. ಔಷಧಿ ಬೇಗನೇ ಹೊರಬಂತು ಕೂಡ. ಇಂಥ ಚಿಕ್ಕ ಅಣುವನ್ನು ಕಣದ ಮೇಲ್ಮೈ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ವಿಭಾಗದ ಸೆಮಿನಾರಿನಲ್ಲಿ ಇದನ್ನು ತೋರಿಸಿದಾಗ ಹಿರಿಯರೊಬ್ಬರು “ಹಂಗಾದ್ರ ಇಷ್ಟೆಲ್ಲಾ ಮಾಡಿ ಏನ್ ಸಿಕ್ತ್ರಿ?” ಅಂದರು. ನನಗೆ ಬೇಕಾಗಿದ್ದೇ ಆ ಒಂದೇ ರೇಖೆ. ಅದು ಬಂದ ಮೇಲೆಯೇ ಜೀವಕೋಶಕ್ಕೆ ಹೋಗುವ ಹಕ್ಕು ಬರುವುದು.

ಜೀವಕೋಶಗಳು ಪುಣೆಯ ಜೀವಕೋಶ ವಿಜ್ಞಾನ ಕೇಂದ್ರ ಎನ್‌ಸಿಸಿಎಸ್‌ನಿಂದ ತರಿಸಿದ ಎಚ್‌ಸಿಟಿ-116, ಕರುಳಿನ ಕ್ಯಾನ್ಸರಿನವು. ಒಳಗೆ ಹೋದ ಬಂಗಾರವನ್ನು ಅಳೆದದ್ದು ಲೋಹದ ಅಂಶ ಅಳೆಯುವ ಐಸಿಪಿ-ಎಂಎಸ್ ಉಪಕರಣದಲ್ಲಿ. ಸೀರಂ (ರಕ್ತದ ಪ್ರೋಟೀನ್‌ಗಳಿರುವ ದ್ರವ) ಇರುವ ಮೀಡಿಯಂನಲ್ಲಿ, ಅಂದರೆ ಜೀವಕೋಶ ಬೆಳೆಸುವ ದ್ರಾವಣದಲ್ಲಿ, ಎಲ್ ಕಣ ಡಿಗಿಂತ ಜಾಸ್ತಿ ಒಳಹೋಯಿತು, ಮಿಶ್ರಣ ನಡುವೆ ನಿಂತಿತು. ಸೀರಂ ತೆಗೆದು ನೋಡಿದಾಗ ಅಂತರ ಕಡಿಮೆಯಾಯಿತು. 4 ಡಿಗ್ರಿಯಲ್ಲಿ ಇಟ್ಟಾಗ ಮೂರೂ ಕುಸಿದವು. ಅಂದರೆ ಜೀವಕೋಶ ತಾನಾಗಿ ಎಳೆದುಕೊಳ್ಳುತ್ತಿದೆ, ಸುಮ್ನೆ ತೂರಿ ಹೋಗುತ್ತಿಲ್ಲ. ಅಂಕಿಗಳನ್ನು ಇಲ್ಲಿ ಹಾಕುವುದಿಲ್ಲ. ಪ್ರಬಂಧ ಇನ್ನೂ ಪರಿಶೀಲನೆಯಲ್ಲಿದೆ, ಮೇಲಾಗಿ ಒಂದೇ ಜಾತಿಯ ಜೀವಕೋಶದ ಅಂಕಿ ಹಿಡಿದು ಯಾರೂ ದೊಡ್ಡ ಮಾತು ಆಡಬಾರದು.

ಸೀರಂ ತೆಗೆದಾಗ ಅಂತರ ಕಡಿಮೆಯಾಗಿದ್ದು ನನ್ನ ಮಟ್ಟಿಗೆ ಇಡೀ ಕೆಲಸದ ಸ್ವಾರಸ್ಯದ ಜಾಗ. ರಕ್ತಕ್ಕೆ ಇಳಿದ ಯಾವ ಕಣವೂ ಬರಿಮೈಯಲ್ಲಿ ಇರುವುದಿಲ್ಲ. ಅಲ್ಬುಮಿನ್ ಮೊದಲಾದ ಪ್ರೋಟೀನ್‌ಗಳು ನಿಮಿಷಗಳಲ್ಲಿ ಅದರ ಮೇಲೆ ಹೊದಿಕೆಯಾಗುತ್ತವೆ. ಜೀವಕೋಶ ನೋಡುವುದು ಆ ಹೊದಿಕೆಯನ್ನು. ಪ್ರೋಟೀನ್ ಎಲ್ಲವೂ ಎಲ್ ಅಮೈನೊ ಆಸಿಡ್‌ಗಳಿಂದ ಆದದ್ದು, ಹಾಗಾಗಿ ಎಲ್ ಮೇಲ್ಮೈ ಮೇಲೆ ಅದು ಕೂರುವ ಭಂಗಿ ಒಂದು, ಡಿ ಮೇಲ್ಮೈ ಮೇಲೆ ಇನ್ನೊಂದು. ಎಡ-ಬಲದ ಸುದ್ದಿ ಜೀವಕೋಶಕ್ಕೆ ಮುಟ್ಟುವುದು ಬಹಳ ಮಟ್ಟಿಗೆ ಪ್ರೋಟೀನಿನ ಮೂಲಕ ಅಂತ ನಾನು ಅಂದುಕೊಂಡಿದ್ದೇನೆ. ಇದು ನಿಜವಾದರೆ ಔಷಧಿ ಕಣಗಳಿಗೆ ಮಾಮೂಲಾಗಿ ಹಚ್ಚುವ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪಾಲಿಮರ್) ಪದರ ಈ ಸುದ್ದಿಯನ್ನು ಮುಚ್ಚಿಹಾಕುತ್ತದೆ. ಪಿಇಜಿಗೆ ಕೈ ಇಲ್ಲ, ಪ್ರೋಟೀನನ್ನೂ ದೂರ ಇಡುತ್ತದೆ. ಪ್ರಯೋಗಾಲಯದಲ್ಲಿ ಕೈರಾಲಿಟಿ ತೋರಿಸಿ, ಆಮೇಲೆ ಪಿಇಜಿ ಹಚ್ಚಿ ಇಲಿಗೆ ಕೊಟ್ಟರೆ ತೋರಿಸಿದ್ದು ಎಲ್ಲಿ ಉಳಿಯಿತು?

ಮೊದಲೇ ಹೇಳಿದ ಥಾಲಿಡೊಮೈಡ್ ಥರದ ಸಂಗತಿ ಇಲ್ಲಿ ಬರುತ್ತದೆ. ಜೀವಕೋಶದ ಒಳಗೆ ಗ್ಲುಟಾಥಯೋನ್ 1ರಿಂದ 10 ಮಿಲಿಮೋಲಾರ್ ಇರುತ್ತದೆ. ಅದಕ್ಕೂ ಗಂಧಕ ಇದೆ. ಅದು ನಮ್ಮ ಲಿಗಾಂಡನ್ನು ಬಂಗಾರದಿಂದ ಕಿತ್ತು ತಾನು ಕೂರುತ್ತದೆ. ಡಿ ಕಣ ಒಳಗೆ ಹೋದ ಮೇಲೆ ಡಿ ಕಣವಾಗಿ ಉಳಿಯುವುದಿಲ್ಲ. ಕಿತ್ತುಹೋದ ಲಿಗಾಂಡಿನ ಕಥೆ ಇನ್ನೂ ಬೇರೆ. ಎಲ್ ಅಸಿಟೈಲ್ ಸಿಸ್ಟೀನನ್ನು ಜೀವಕೋಶ ಬಳಸಿಕೊಂಡು ಹೊಸ ಗ್ಲುಟಾಥಯೋನ್ ಮಾಡಿಕೊಳ್ಳುತ್ತದೆ. ಡಿ ರೂಪದಿಂದ ಮಾಡಲಾಗುವುದಿಲ್ಲ. ಗ್ಲುಟಾಥಯೋನ್ ಜಾಸ್ತಿ ಇದ್ದರೆ ಜೀವಕೋಶ ಗಟ್ಟಿಯಾಗುತ್ತದೆ. ಹಾಗಾದರೆ ಡಿ ಕಣ ಕೊಟ್ಟಾಗ ಜಾಸ್ತಿ ಜೀವಕೋಶ ಸತ್ತರೆ, ಅದು ಕಣದ ಮೇಲ್ಮೈಯ ಪ್ರಭಾವವೋ, ಬರೀ ಲಿಗಾಂಡಿನ ಆಹಾರದ ಲೆಕ್ಕವೋ? ಇದನ್ನು ಬಿಡಿಸಲು ಬಂಗಾರ ಇಲ್ಲದ ಬರೀ ಎಲ್, ಬರೀ ಡಿ ಲಿಗಾಂಡನ್ನು ಅಷ್ಟೇ ಪ್ರಮಾಣದಲ್ಲಿ ಜೀವಕೋಶಗಳಿಗೆ ಕೊಟ್ಟು ನೋಡಬೇಕು. ನಾವು ಒಳಹೋದ ಬಂಗಾರದ ಬಗ್ಗೆ ಮಾತ್ರ ಮಾತಾಡಿ, ಸತ್ತ ಜೀವಕೋಶಗಳ ಬಗ್ಗೆ ತುಟಿ ಬಿಗಿಹಿಡಿದದ್ದು ಈ ಕಾರಣಕ್ಕೆ.

ಎಲ್ ಯಾವಾಗಲೂ ಜಾಸ್ತಿ ಒಳಹೋಗುತ್ತದೆ ಅಂತ ಇದರಿಂದ ಅಂದುಕೊಳ್ಳಬೇಡಿ. ಡಿ ಕೈಯ ಕಣಗಳೇ ಪೊರೆಯೊಳಗೆ ಚೆನ್ನಾಗಿ ಇಳಿದು, ಜಾಸ್ತಿ ಹೊತ್ತು ಉಳಿದ ವರದಿಗಳೂ ಇವೆ. ಡಿ ಅಮೈನೊ ಆಸಿಡ್‌ನ ಪೆಪ್ಟೈಡ್‌ಗಳನ್ನು ಪ್ರೋಟೀನ್ ಕತ್ತರಿಸುವ ಎನ್‌ಜೈಮ್‌ಗಳು ಸುಲಭವಾಗಿ ಮುಟ್ಟುವುದಿಲ್ಲ, ಅದು ಹಳೆಯ ಮಾತು. ಇತ್ತ 2022ರಲ್ಲಿ ಚೀನಾದ ಜಿಯಾಂಗ್ನಾನ್ ವಿಶ್ವವಿದ್ಯಾಲಯದವರು ಅಮೆರಿಕದ ನಿಕೊಲಸ್ ಕೊಟೊವ್ ಜೊತೆ ಸೇರಿ ತೋರಿಸಿದ್ದು, ತಿರುಚಿದ ಬಂಗಾರದ ಕಣಗಳಲ್ಲಿ ಎಡಗೈ ಕಣ ರೋಗನಿರೋಧಕ ಜೀವಕೋಶಗಳನ್ನು ಬಲಗೈ ಕಣಕ್ಕಿಂತ ಬಹಳ ಜೋರಾಗಿ ಎಬ್ಬಿಸುತ್ತದೆ ಅಂತ. ಲಸಿಕೆಗೆ ಅದು ಒಳ್ಳೆಯ ಸುದ್ದಿ. ಸದ್ದಿಲ್ಲದೆ ಔಷಧಿ ಮುಟ್ಟಿಸಬೇಕು ಅನ್ನುವ ನನ್ನಂಥವರಿಗೆ ಅದೇ ಕಣ ಬೇಡವಾದದ್ದು. ಯಾವ ಕೈ ಒಳ್ಳೆಯದು ಅನ್ನುವುದು ಯಾವ ಕೆಲಸಕ್ಕೆ ಅನ್ನುವುದರ ಮೇಲೆ ನಿಂತಿದೆ.

ಈಗ ನಾವು ಹಿಡಿದಿರುವುದು ಲೋಳೆಯ ಪ್ರಶ್ನೆ. ಬಾಯಿಂದ ಕೊಟ್ಟ ಕಣ ಕರುಳಿನ ಗೋಡೆ ಮುಟ್ಟುವ ಮೊದಲು ಲೋಳೆ ದಾಟಬೇಕು. ಲೋಳೆಯ ಮುಖ್ಯ ವಸ್ತು ಮ್ಯೂಸಿನ್, ಪ್ರೋಟೀನ್ ಮತ್ತು ಸಕ್ಕರೆ ಎರಡೂ ಸೇರಿದ್ದು, ಅಂದರೆ ಎರಡೆರಡು ಥರದ ಕೈ. ಹಂದಿಯ ಮ್ಯೂಸಿನ್ ಪುಡಿಯಾಗಿ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಅದರ ದಪ್ಪ ದ್ರಾವಣದಲ್ಲಿ ಎಲ್, ಡಿ, ಮಿಶ್ರಣ ಮೂರೂ ಎಷ್ಟು ಸಿಕ್ಕಿಹಾಕಿಕೊಳ್ಳುತ್ತವೆ ಅಂತ ನೋಡುತ್ತಿದ್ದೇವೆ. ಅದೇ ದಪ್ಪದ, ಆದರೆ ಕೈ ಇಲ್ಲದ ಪಿಇಜಿ ದ್ರಾವಣ ಪಕ್ಕದಲ್ಲಿ ಕಂಟ್ರೋಲ್. ಅಲ್ಲಿ ಮೂರೂ ಒಂದೇ ಬಂದರೆ ಮಾತ್ರ ಮ್ಯೂಸಿನ್‌ನ ಓದನ್ನು ನೋಟ್‌ಬುಕ್ಕಿಗೆ ಹತ್ತಿಸುತ್ತೇವೆ.